ಸಾಲಿನಲ್ಲಿ ಬಿಟ್ಟ ಜಾಗ

ಮಾಸ್ತರು ನಮ್ಮ ಮನೆಯ ಹೊಸ್ತಿಲು ದಾಟಿದ ಕೂಡಲೇ ಒಳಗೆ ಬಂದುಬಿಡುತ್ತಿರಲಿಲ್ಲ. ಒಂದು ಹೆಜ್ಜೆ ಎಡಕ್ಕೆ ಸರಿದು, ಬಾಗಿಲಿಗೆ ಬೆನ್ನು ತಾಗಿಸಿ ನಿಂತು, ಹಿಂದೆ ಬರುವವರಿಗೆ ದಾರಿ ಬಿಡುತ್ತಿದ್ದರು. ಹಿಂದೆ ಯಾರೂ ಇರುತ್ತಿರಲಿಲ್ಲ. ಒಬ್ಬ ಮನುಷ್ಯ ಒಳಗೆ ಬರಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಿಂತು, ಆಮೇಲೆ ತಾವು ಬಂದು ರೆಕಾರ್ಡ್ ಪ್ಲೇಯರಿನ ಎದುರು ಚಾಪೆಯ ಮೇಲೆ ಕೂರುತ್ತಿದ್ದರು. ಸೋಫಾ ತೋರಿಸಿದರೆ ಬೇಡ. ಮೆತ್ತನೆಯ ಮೇಲೆ ಕೂತವನ ಉಸಿರು ಹೊಟ್ಟೆಗೆ ಇಳಿಯುವುದಿಲ್ಲವಂತೆ.

ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಕೊಟ್ಟೂರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಬ್ಯಾಂಡ್ ಮಾಸ್ತರ ಎಂದರೆ ಕೂಡ್ಲಿಗಿಯಿಂದ ಹಡಗಲಿಯವರೆಗೆ ಎಲ್ಲರಿಗೂ ಗೊತ್ತು. ನಾನೂ ಹೆಸರು ಬರೆಯುವುದಿಲ್ಲ. ಅಟೆಂಡೆನ್ಸ್ ತೆಗೆದುಕೊಳ್ಳುವಾಗ ಮೂರು ವರ್ಷ ಆ ಹೆಸರನ್ನು ದಿನಾ ಕೂಗಿದ್ದೇನೆ, ಅಷ್ಟು ಸಾಕು. ನನ್ನ ಕ್ಲಾಸಿನಲ್ಲಿ ಕೂತವರಾದರೂ ‘ಅವನು’ ಎಂದು ಬರೆಯಲು ಕೈ ಬರುವುದಿಲ್ಲ.

ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿ, ಡಾಕ್ಟರನ್ನು ಮದುವೆಯಾಗಿ, ಕೊಟ್ಟೂರಿನ ಹೈಸ್ಕೂಲಿಗೆ ಇಂಗ್ಲಿಷ್ ಟೀಚರ್ ಆಗಿ ಸೇರಿದ ಹೊಸತು ಅದು. ಮಾಸ್ತರು ಎಂಟನೇ ಕ್ಲಾಸು, ಕೊನೆಯ ಬೆಂಚು. ಒಂದು ದಿನ ಎಬ್ಬಿಸಿ ಪೊಯೆಮ್ ಓದಿಸಿದೆ. ಒಂದು ಶಬ್ದವೂ ಬರಲಿಲ್ಲ. ಆದರೆ ಹಿಂದಿನ ದಿನ ನಾನು ಅದನ್ನು ಎಲ್ಲಿ ಏರಿಸಿ ಎಲ್ಲಿ ಇಳಿಸಿ ಓದಿದ್ದೆನೋ ಆ ಏರಿಳಿತವನ್ನು, ಶಬ್ದ ಬಿಟ್ಟು, ಮೂಗಿನಲ್ಲಿ ಪೂರ್ತಿ ಗುನುಗಿ ತೋರಿಸಿದರು. ನಡುವೆ ನಾನು ಕೆಮ್ಮಿದ್ದೆ. ಆ ಕೆಮ್ಮೂ ಅದರ ಜಾಗದಲ್ಲಿ ಬಂತು. ಕ್ಲಾಸು ನಕ್ಕಿತು. ನನಗೆ ಸಿಟ್ಟು ಬಂತು, ನಿಜ ಹೇಳಬೇಕೆಂದರೆ ಸ್ವಲ್ಪ ಹೆದರಿಕೆಯೂ. ನಾನು ಬಾಯಿ ಮುಚ್ಚಿ ನಿಂತಿದ್ದೆ, ನನ್ನ ವಾಯ್ಸ್ ಕೊನೆಯ ಬೆಂಚಿನಿಂದ ಬರುತ್ತಿತ್ತು.

ಇಂಗ್ಲಿಷಿನಲ್ಲಿ ಫೇಲಾಗಿ ಮನೆಯ ಬ್ಯಾಂಡು ಸೇರಿದರು. ಅಪ್ಪನ ಕಾಲದಿಂದ ಇದ್ದ ಬ್ಯಾಂಡು. ಹನ್ನೆರಡು ಜನ, ಆರಾರು ಜನರ ಎರಡು ಸಾಲು. ಮುಂದೆ ಎಡಕ್ಕೆ ಮಾಸ್ತರು, ಬಲಕ್ಕೆ ಅವರ ಅಣ್ಣ, ಇಬ್ಬರದೂ ಟ್ರಂಪೆಟ್. ಮಾಸ್ತರು ಊದುವ ದಿನ ಖಾರ ಮುಟ್ಟುತ್ತಿರಲಿಲ್ಲ. ತುಟಿ ಉರಿದರೆ ಸ್ವರ ಸೀಳುತ್ತದೆ ಎಂದು ಬೆಣ್ಣೆ ಸವರಿಕೊಂಡು, ಮಜ್ಜಿಗೆ ಕುಡಿದು, ಮದುವೆಮನೆಯ ಊಟದಲ್ಲಿ ಮೊಸರನ್ನ ಕೇಳುವ ಮನುಷ್ಯ. ಅಣ್ಣ ಅವರ ಎದುರೇ ಮಂಡಕ್ಕಿಯ ಜೊತೆ ಎಂಟು ಮಿರ್ಚಿ ತಿಂದು, ಬಾಯಿ ಒರೆಸಿ, ಎದ್ದು ತಮ್ಮನಿಗಿಂತ ಚೆನ್ನಾಗಿ ಊದುತ್ತಿದ್ದ. ‘ದೇವ್ರು ನನಗ ಮೊಸರು ಕೊಟ್ಟ, ಅವಗ ತುಟಿ ಕೊಟ್ಟ ನೋಡ್ರಿ’ ಎಂದು ಮಾಸ್ತರು ನನ್ನ ಹತ್ತಿರ ದೂರಿದ್ದುಂಟು. ದೂರುವಾಗ ಮುಖ ಅರಳಿರುತ್ತಿತ್ತು.

ಇನ್ನು ರೆಕಾರ್ಡುಗಳ ವಿಷಯ. ನಮ್ಮ ಮನೆಯವರಿಗೆ ಒಂದೇ ಹುಚ್ಚು, ಅಮೆರಿಕದ ಒಂದು ರಾಕ್ ಬ್ಯಾಂಡ್. ಗಿಟಾರು, ಡ್ರಮ್ಸು ಎಲ್ಲ ಕಡೆ ಇರುತ್ತವೆ. ಇವರಲ್ಲಿ ಜೊತೆಗೆ ಮೂವರು ಊದುವವರಿದ್ದರು. ಎಡಕ್ಕೆ ಟ್ರಂಪೆಟ್, ಬಲಕ್ಕೆ ಸ್ಯಾಕ್ಸೊಫೋನ್, ನಡುವೆ ಟ್ರಾಂಬೋನ್, ಅಂದರೆ ಕೊಳವೆಯನ್ನು ಮುಂದಕ್ಕೂ ಹಿಂದಕ್ಕೂ ಎಳೆದು ಊದುವ ವಾದ್ಯ. ಇವರು ತಮ್ಮ ಆಲ್ಬಮ್ಮುಗಳಿಗೆ ಹೆಸರಿಡುತ್ತಿರಲಿಲ್ಲ. ಒಂದು, ಎರಡು, ಮೂರು ಎಂದು ನಂಬರ್ ಹಾಕುತ್ತಿದ್ದರು, ಸಿಟಿ ಬಸ್ಸಿಗೆ ಹಾಕಿದ ಹಾಗೆ. ಮೆಡಿಕಲ್ ಓದುವಾಗ ಮೊದಲನೆಯದನ್ನು ಕೊಂಡವರು, ಬೊಂಬಾಯಿಯ ಸ್ನೇಹಿತರ ಕೈಯಲ್ಲಿ ಒಂದೊಂದೇ ತರಿಸುತ್ತ ಹನ್ನೆರಡರವರೆಗೆ ಬಂದರು. ಐದನೆಯದು ಮಾತ್ರ ಎಲ್ಲೂ ಸಿಗಲಿಲ್ಲ. ಶೆಲ್ಫಿನಲ್ಲಿ ನಾಲ್ಕಕ್ಕೂ ಆರಕ್ಕೂ ನಡುವೆ ಒಂದು ಬೆರಳು ಹಿಡಿಯುವಷ್ಟು ಸಂದು ಬಿಟ್ಟಿದ್ದರು, ಅಲ್ಲಿ ಬೇರೆ ಏನನ್ನೂ ಇಡಗೊಡುತ್ತಿರಲಿಲ್ಲ. ಆ ಬ್ಯಾಂಡು ಈಗಲೂ ಇದೆಯಂತೆ. ಮುದುಕರಾಗಿದ್ದಾರೆ, ನಂಬರ್ ಇನ್ನೂ ಏರುತ್ತಿದೆ.

ಒಮ್ಮೆ ಮೆರವಣಿಗೆ ನಮ್ಮ ರಸ್ತೆಯಲ್ಲಿ ಹೋಗುವಾಗ ನಮ್ಮ ಮನೆಯವರು ಗೇಟಿನಲ್ಲಿ ನಿಂತು ಅಣ್ಣತಮ್ಮಂದಿರನ್ನು ಕರೆದರು: ಕೆಲಸ ಮುಗಿಸಿ ಬನ್ನಿ, ನಿಮ್ಮ ಬಂಧುಗಳ ಬ್ಯಾಂಡು ಕೇಳಿಸುತ್ತೇನೆ. ಇಬ್ಬರೂ ಕೆಂಪು ಕೋಟಿನಲ್ಲೇ ಬಂದು ಕೂತರು. ಒಂದು ಸೈಡ್ ಪೂರ್ತಿ ಕೇಳಿದರು. ಆಮೇಲೆ ಅಣ್ಣ ಅಂದದ್ದು ಇಷ್ಟು: ‘ಛಲೋ ಊದ್ತಾರ್ರಿ. ಆದ್ರ ಇವ್ರು ಕುಂತು ಊದೋ ಮಂದಿ. ಬಿಸಲಾಗ ಒಂದು ಮೈಲಿ ನಡಸ್ರಿ, ಗೊತ್ತಾಕ್ಕತಿ.’ ಮುಂದಿನ ವಾರ ಎರಡು ಸಿನಿಮಾ ಹಾಡುಗಳ ನಡುವೆ ಆ ಪ್ಲೇಟಿನಲ್ಲಿ ಆ ಮೂವರು ಊದಿದ್ದ ತುಣುಕು, ಒಂದು ಸ್ವರ ತಪ್ಪದೆ, ನಮ್ಮ ಮನೆಯ ಮುಂದೆ ಹಾದುಹೋಯಿತು. ಈ ಐದು ತಾಲ್ಲೂಕಿನ ಮದುಮಕ್ಕಳು ನಲವತ್ತು ವರ್ಷ ಅದರ ಹಿಂದೆ ನಡೆದಿದ್ದಾರೆ. ಅದು ಎಲ್ಲಿಯದು ಎಂದು ಒಬ್ಬರೂ ಕೇಳಿದ್ದಿಲ್ಲ.

ಮೂರು ವರ್ಷದ ಹಿಂದೆ ಅಣ್ಣ ಹೋದ. ಹೋದ ರೀತಿಯನ್ನು ಹೇಳಲೇಬೇಕು.

ತಂಬ್ರಹಳ್ಳಿಯಲ್ಲಿ ಮದುವೆ. ಮಧ್ಯಾಹ್ನದ ಊಟ ಮುಗಿಸಿ ಬ್ಯಾಂಡಿನವರು ತಮ್ಮ ಟೆಂಪೊ ಹತ್ತಿದರು. ಎರಡೂ ಬದಿಗೆ ಉದ್ದ ಬೆಂಚು. ಅಣ್ಣ ಎಂದಿನಂತೆ ಮಾಸ್ತರ ಬಲಕ್ಕೆ ಕೂತು, ಅವರ ಹೆಗಲಿಗೆ ತಲೆ ಇಟ್ಟು ಕಣ್ಣು ಮುಚ್ಚಿದ. ಹಗರಿಬೊಮ್ಮನಹಳ್ಳಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಮಾಸ್ತರು ಕೇಳಿದರು: ‘ಅಣ್ಣಾ, ಚಾ ಕುಡೀತಿಯೇನು?’ ಅಣ್ಣ ‘ಒಲ್ಲೆ’ ಎಂದ. ಸರಿ, ಮಲಗಲಿ ಎಂದು ಬಿಟ್ಟರು. ಕೊಟ್ಟೂರಿಗೆ ಬಂದು ಎಬ್ಬಿಸಿದರೆ ಏಳಲಿಲ್ಲ. ಆಸ್ಪತ್ರೆಯಲ್ಲಿ ನೋಡಿದವರು, ಜೀವ ಹೋಗಿ ಒಂದೂವರೆ ತಾಸಾದರೂ ಆಗಿದೆ ಎಂದರು. ಹಗರಿಬೊಮ್ಮನಹಳ್ಳಿಯಿಂದ ಕೊಟ್ಟೂರಿಗೆ ಮುಕ್ಕಾಲು ತಾಸಿನ ದಾರಿ.

ಎದುರಿನ ಬೆಂಚಿನಲ್ಲಿದ್ದವರು ಕ್ಲಾರಿನೆಟ್ ಚಾಚಾ. ಬ್ಯಾಂಡಿನಲ್ಲಿ ಎಲ್ಲರಿಗಿಂತ ಹಿರಿಯರು, ಎಲ್ಲರೂ ಅವರನ್ನು ಕರೆಯುವುದೇ ಹಾಗೆ. ಅಣ್ಣ ಬಾಯಿ ತೆರೆದದ್ದನ್ನು ತಾವು ನೋಡಲಿಲ್ಲ ಎಂದು ಅವರು ಪ್ರಮಾಣ ಮಾಡಿದರು. ಬೇರೆ ಯಾರ ಕಿವಿಗೂ ಏನೂ ಬಿದ್ದಿರಲಿಲ್ಲ. ಮಾಸ್ತರಿಗೆ ಮಾತ್ರ ಕೇಳಿಸಿತ್ತು.

ಅವರ ಬ್ಯಾಂಡಿನಲ್ಲಿ ಅಪ್ಪನ ಕಾಲದಿಂದ ಒಂದು ರೂಢಿ. ಒಬ್ಬ ಹೋದರೆ ಸಾಲಿನಲ್ಲಿ ಅವನ ಜಾಗವನ್ನು ಒಂದು ವರ್ಷ ಖಾಲಿ ಬಿಡುತ್ತಾರೆ. ಉಳಿದವರು ಹತ್ತಿರ ಸರಿಯುವುದಿಲ್ಲ. ಅವನು ಊದುತ್ತಿದ್ದ ಪಾಲನ್ನು ಯಾರೂ ಊದುವುದಿಲ್ಲ, ಅಷ್ಟು ಹೊತ್ತು ಸುಮ್ಮನಿದ್ದು ಮುಂದಿನದಕ್ಕೆ ಹೋಗುತ್ತಾರೆ. ವರ್ಷ ತುಂಬಿದ ಮೇಲೆ ಹೊಸಬನನ್ನು ಕರೆತಂದು, ಹೋದವನ ವಾದ್ಯವನ್ನು ಅವನ ಕೈಗೆ ಕೊಟ್ಟು ಅಲ್ಲಿ ನಿಲ್ಲಿಸುತ್ತಾರೆ.

ಆ ವರ್ಷ ನಾನು ಅವರ ಮೆರವಣಿಗೆಯನ್ನು ಗೇಟಿನಿಂದ ನೋಡುತ್ತಿದ್ದೆ. ಮುಂದಿನ ಬಲಗಡೆ ಒಬ್ಬ ಮನುಷ್ಯನಷ್ಟು ಬಯಲು. ಡಾನ್ಸ್ ಮಾಡುವ ಹುಡುಗರು ಕೂಡ, ಯಾರೂ ಹೇಳದೆಯೇ, ಅದನ್ನು ಸುತ್ತಿ ಹೋಗುತ್ತಿದ್ದರು. ಮತ್ತು ಅಣ್ಣನ ಪಾಲು ಬಂದಾಗ ಎಲ್ಲರೂ ನಿಲ್ಲಿಸುತ್ತಿದ್ದರಲ್ಲ, ಆ ಎರಡು ಮೂರು ಸೆಕೆಂಡು ನನ್ನ ಕಿವಿಗೆ ಸೈಲೆನ್ಸ್ ಅನ್ನಿಸುತ್ತಿರಲಿಲ್ಲ. ಎಷ್ಟೋ ವರ್ಷ ಕೇಳಿದ ಕಿವಿ ತಾನೇ ತುಂಬಿಕೊಳ್ಳುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಹಲವಾಗಲಿನ ಒಂದು ಮದುವೆಯಲ್ಲಿ ಊಟಕ್ಕೆ ಕರೆದವರು ಬ್ಯಾಂಡಿನವರಿಗೆ ಹನ್ನೆರಡು ಎಲೆ ಹಾಕಿದ್ದರು. ಕೂತವರು ಹನ್ನೊಂದು ಜನ. ಬಡಿಸುವವನು ಹನ್ನೆರಡನೆಯ ಎಲೆಗೂ ಬಡಿಸಿಕೊಂಡು ಹೋದ. ಯಾರಿಗಪ್ಪಾ ಎಂದರೆ, ಮುಂದೆ ಬಲಗಡೆ ಊದುತ್ತಿದ್ದರಲ್ಲ ಅವರಿಗೆ, ಕೈ ತೊಳೆಯಲು ಹೋಗಿದ್ದಾರೇನೋ ಎಂದನಂತೆ. ಇದನ್ನು ಹೇಳಿದವರು ಚಾಚಾ. ಹೇಳಿ, ನನ್ನ ಮುಖ ನೋಡಿ, ‘ಆ ಎಲಿ ಮ್ಯಾಲಿನ ಹೋಳಿಗಿ ನಾನ ತಿಂದೆ ಬಿಡ್ರಿ ಟೀಚರಮ್ಮ. ಅವಗ ಸಕ್ಕರಿ ಕಾಯ್ಲಿ ಇತ್ತಲ್ಲ’ ಎಂದರು. ನಗಿಸಲು ಹೇಳಿದ್ದು. ಅವರೇ ನಗಲಿಲ್ಲ.

ವರ್ಷ ತುಂಬಿತು. ಹೊಸಬ ಸಿದ್ಧನಿದ್ದ: ಹರಪನಹಳ್ಳಿಯವನು, ಐವತ್ತು ದಾಟಿದವನು, ಅಲ್ಲಿನ ಬ್ಯಾಂಡು ಡಿಜೆ ಬಂದ ಮೇಲೆ ಮುಚ್ಚಿಹೋಗಿ ಪಂಚರ್ ಅಂಗಡಿಯಲ್ಲಿ ಕೂತಿದ್ದ. ಒಳ್ಳೆಯ ತುಟಿ ಎಂದು ಮಾಸ್ತರೇ ಒಪ್ಪಿದ್ದರು. ಆದರೆ ಕರೆಯಲಿಲ್ಲ. ಇನ್ನೂ ಒಂದು ತಿಂಗಳು ಹೋಗಲಿ, ಇನ್ನೂ ಒಂದು. ಬೀಗರ ಕಡೆಯವರು ಗೊಣಗತೊಡಗಿದರು. ಶುಭಕಾರ್ಯದಲ್ಲಿ ಮುಂದಿನ ಜಾಗವೇ ಖಾಲಿ ಇಟ್ಟುಕೊಂಡು ನಡೆಯುವ ಬ್ಯಾಂಡು ಯಾರಿಗೆ ಬೇಕು? ಬಂದ ಬುಕ್ಕಿಂಗ್ ಕ್ಯಾನ್ಸಲ್ ಆಗತೊಡಗಿತು. ಈ ಮದುವೆ ಕಾಲ ಮುಗಿಯುವುದರೊಳಗೆ ಜಾಗ ತುಂಬದಿದ್ದರೆ ತಾವು ಬಿಡುತ್ತೇವೆ ಎಂದು ಹಿಂದಿನ ಸಾಲಿನ ಆರು ಜನರಲ್ಲಿ ಐವರು ಹೇಳಿದರು. ಐದು ಜನ ಹೋದರೆ ಬ್ಯಾಂಡು ಇಲ್ಲ. ಬ್ಯಾಂಡು ಇಲ್ಲದಿದ್ದರೆ ಹನ್ನೊಂದು ಮನೆಯ ಒಲೆ.

ಆಗ ಅವರು ಒಂದು ಮಂಗಳವಾರ ಮಧ್ಯಾಹ್ನ ನಮ್ಮ ಮನೆಗೆ ಬಂದರು. ಮಂಗಳವಾರ ಮದುವೆ ಇರುವುದಿಲ್ಲ. ಅಂದೇ ಮೊದಲ ಸಲ ಬಾಗಿಲಲ್ಲಿ ಸರಿದು ನಿಂತದ್ದನ್ನು ನಾನು ನೋಡಿದ್ದು. ಬಂದು ಕೂತು ಕೇಳಿದರು: ಆ ಅಮೆರಿಕದವರಲ್ಲಿ ಒಬ್ಬ ಊದುವವನು ತೀರಿಕೊಂಡ ಎಂದು ಡಾಕ್ಟರ್ ಸಾಹೇಬರು ಒಂದು ಸಲ ಹೇಳಿದ್ದರಲ್ಲ, ನಿಜವೇ? ನಿಜ. ಎಂಟನೆಯ ಆಲ್ಬಮ್ಮಾದ ಮೇಲೆ ನಡುವಿನವನು, ಟ್ರಾಂಬೋನಿನವನು, ಹೋದ. ನಮ್ಮ ಮನೆಯವರು ಮ್ಯಾಗಜೀನಿನಲ್ಲಿ ಓದಿ ಎರಡು ದಿನ ಮಂಕಾಗಿದ್ದರು.

‘ಆಮ್ಯಾಲೆ ಏನ್ ಮಾಡಿದ್ರು ಅವ್ರು? ಜಾಗಾ ಬಿಟ್ರೇನು, ತುಂಬಿದ್ರೇನು?’

ನನಗೆ ಗೊತ್ತಿರಲಿಲ್ಲ. ಐವತ್ತು ವರ್ಷ ಆ ಪ್ಲೇಟುಗಳು ನನ್ನ ಮನೆಯಲ್ಲಿವೆ, ನಾನು ಅವನ್ನು ಹಿನ್ನೆಲೆಯಲ್ಲಿ ಕೇಳುತ್ತ ಕಾಪಿ ತಿದ್ದಿದವಳು. ನಮ್ಮ ಮನೆಯವರು ಹೋಗಿ ಒಂಬತ್ತು ವರ್ಷವಾಗಿತ್ತು, ಅಂದಿನಿಂದ ಪ್ಲೇಯರ್ ಮುಟ್ಟಿರಲಿಲ್ಲ. ಪ್ಲೇಟು ತಿರುಗಿಸುವ ರಬ್ಬರ್ ಬೆಲ್ಟು ಒಣಗಿ ತುಂಡಾಗಿತ್ತು. ಆನ್‌ಲೈನಿನಲ್ಲಿ ಹೊಸದು ತರಿಸಿದೆ.

ಒಂಬತ್ತರಿಂದ ಶುರುಮಾಡೋಣವೇ ಎಂದರೆ ಮಾಸ್ತರು ಒಪ್ಪಲಿಲ್ಲ. ಇದ್ದಾಗ ಹೇಗೆ ನಿಂತಿದ್ದ ಎಂದು ತಿಳಿಯದೆ, ಇಲ್ಲದ್ದು ತಿಳಿಯುವುದಿಲ್ಲವಂತೆ. ಹಾಗಾಗಿ ಒಂದರಿಂದ, ವಾರಕ್ಕೆ ಒಂದು. ನಾಲ್ಕರ ಮುಂದಿನ ವಾರ ಶೆಲ್ಫಿನ ಆ ಸಂದನ್ನು ಕಂಡು, ಕಾರಣ ಕೇಳಿ, ಅದರೊಳಗೆ ಬೆರಳಿಟ್ಟು ನೋಡಿದರು. ‘ಸಾಹೇಬ್ರೂ ನಮ್ಮವ್ರ ಹಂಗಾದ್ರ’ ಎಂದರು.

ಅವರು ಕೇಳುವ ರೀತಿಯೇ ಬೇರೆ. ಹಾಡುವವನ ಕಡೆ ಲಕ್ಷ್ಯವೇ ಇಲ್ಲ. ಕಣ್ಣು ಮುಚ್ಚಿ, ಎರಡು ಸ್ಪೀಕರಿನ ನಡುವೆ ಗಾಳಿಯಲ್ಲಿ ಕೈಯಿಂದ ಮೂವರನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸುತ್ತಿದ್ದರು. ಬಲಗಡೆಯವನಿಗೆ ಹಲ್ಲಿನ ನೋವಿದೆ, ಮೇಲಿನ ಸ್ವರಕ್ಕೆ ಹೆದರುತ್ತಾನೆ. ಎಡಗಡೆಯವನಿಗೆ ತಾನೇ ಯಜಮಾನ ಎನ್ನುವ ಸೊಕ್ಕು. ನಡುವಿನವನಿಗೆ ಉಬ್ಬಸ. ‘ಊದೋಕ್ಕಿಂತ ಮುಂಚೆ ಉಸಿರು ಎಳಕೊಳ್ಳೋದು ಕೇಳ್ರಿ. ಕೊನೀಗೆ ಸಣ್ಣ ಶಿಳ್ಳಿ ಬರ್ತತಿ.’ ಸೂಜಿಯನ್ನು ಹಿಂದಕ್ಕಿಟ್ಟು ಮತ್ತೆ ಕೇಳಿಸಿದರು. ಇತ್ತು. ಟ್ರಾಂಬೋನ್ ಬರುವ ಮುಂಚೆ ದೀರ್ಘವಾದ ಒಂದು ಉಸಿರು, ತುದಿಯಲ್ಲಿ ಬಾಗಿಲ ಸಂದಿನ ಗಾಳಿಯಂಥ ಶಿಳ್ಳೆ. ಒಮ್ಮೆ ತೋರಿಸಿಕೊಟ್ಟ ಮೇಲೆ ನನಗೆ ಅದೇ ಕೇಳತೊಡಗಿತು. ಎಂಟನೆಯದು ಬರುವ ಹೊತ್ತಿಗೆ, ಸತ್ತು ನಲವತ್ತು ವರ್ಷವಾದ ಆ ಮನುಷ್ಯ ನಮ್ಮ ಹಾಲಿನಲ್ಲಿ ಎಲ್ಲಿ ನಿಲ್ಲುತ್ತಾನೆ ಎಂದು ನನಗೂ ಗೊತ್ತಿತ್ತು. ಸ್ಟೂಲನ್ನು ಅಲ್ಲಿಂದ ಎತ್ತಿ ಬೇರೆ ಕಡೆ ಇಟ್ಟೆ.

ಒಂಬತ್ತನೆಯದನ್ನು ಹಾಕಿದ ಮಂಗಳವಾರ ಇಬ್ಬರೂ ಚಹಾ ಮುಟ್ಟಲಿಲ್ಲ. ಟ್ರಂಪೆಟ್ ಎಡಕ್ಕೆ, ಸ್ಯಾಕ್ಸೊಫೋನ್ ಬಲಕ್ಕೆ, ಮೊದಲಿನ ಜಾಗದಲ್ಲೇ. ನಡುವೆ ಏನೂ ಇಲ್ಲ. ಉಸಿರೂ ಇಲ್ಲ. ಯಾರೂ ಹತ್ತಿರ ಸರಿದಿರಲಿಲ್ಲ.

‘ಬಿಟ್ಟಾರ್ರಿ’ ಎಂದರು ಮಾಸ್ತರು. ಹತ್ತನೆಯದರಲ್ಲೂ ಹಾಗೆಯೇ. ಅಂದು ಅವರು ಎದ್ದು ಹೋಗುವಾಗ ಹೆಜ್ಜೆ ಹಗುರವಾಗಿತ್ತು. ಎಲ್ಲೋ ಸಮುದ್ರದಾಚೆಯ ದೊಡ್ಡ ಮಂದಿಯೂ ತಮ್ಮ ಅಪ್ಪನ ರೂಢಿ ಪಾಲಿಸಿದ್ದಾರೆ ಎಂಬ ಸಂತೋಷ.

ಹನ್ನೊಂದನೆಯದರಲ್ಲಿ ನಡುವೆ ಒಬ್ಬ ನಿಂತಿದ್ದ. ಹೊಸ ಟ್ರಾಂಬೋನ್. ಹರೆಯದವನು, ಗಟ್ಟಿ ಎದೆ, ಚುರುಕು. ಮಾಸ್ತರು ತಲೆದೂಗಿದರು. ಇನ್ನೇನು ಮುಗಿಯಿತು, ಮಾಸ್ತರೂ ಈಗ ಹರಪನಹಳ್ಳಿಗೆ ಫೋನ್ ಮಾಡುತ್ತಾರೆ ಎಂದುಕೊಂಡೆ. ಎರಡನೆಯ ಸೈಡಿನ ಮೊದಲ ಹಾಡಿನಲ್ಲಿ ಅವರ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಸೂಜಿ ಹಿಂದಕ್ಕೆ. ಮತ್ತೆ. ಮೂರು ಸಲ.

‘ಕೇಳಿತೇನ್ರಿ ಟೀಚರಮ್ಮ?’

ಸುಳ್ಳು ಹೇಳುವುದನ್ನು ನಾನು ಕಲಿತಿರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಅದೊಂದನ್ನು ಕಲಿಸದೆ ಕಳಿಸಿದ್ದರು. ಕೇಳಿತು ಎಂದೆ. ಹೊಸಬ ಊದುವ ಮೊದಲು ಆ ಹಳೆಯ ಉಸಿರು. ದೀರ್ಘ, ತುದಿಯಲ್ಲಿ ಶಿಳ್ಳೆ. ಅದು ಮುಗಿದ ಮೇಲೆ ಹೊಸಬ ತನ್ನ ಗಿಡ್ಡ ಉಸಿರು ತೆಗೆದುಕೊಂಡು ‘ಭಾಂ’ ಎಂದು ಊದುತ್ತಿದ್ದ.

ಮಾಸ್ತರು ಸೂಜಿಯನ್ನು ಎತ್ತಿ ಬದಿಗಿಟ್ಟರು. ಆಮೇಲೆ ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ‘ಅವಸರ ಮಾಡ್ಯಾರ್ರಿ ಇವ್ರು. ಅವ ಇನ್ನೂ ನಿಂತಿದ್ದ. ನಿಂತಾಗ್ಲೇ ಹೊಸಬನ್ನ ತಂದು ಅವನ ಮ್ಯಾಲ ನಿಲ್ಲಿಸ್ಯಾರ. ಈಗ ಅವ ಎಲ್ಲಿ ಹೋಗಬೇಕು? ಊದಾಕ ಬಾಯಿಲ್ಲ, ನಿಲ್ಲಾಕ ಜಾಗಿಲ್ಲ. ಬರೀ ಉಸಿರು ಎಳಕೋತ ಅದಾನ ನೋಡ್ರಿ, ಇಷ್ಟು ವರ್ಷ.’

ಹನ್ನೆರಡನೆಯದನ್ನು ಹಾಕುವುದು ಬೇಡ ಎಂದರು. ನಾನೂ ಹಾಕಿಲ್ಲ.

ಈಗ ಅವರ ಕಷ್ಟ ನನಗೆ ತಿಳಿಯಿತು. ಸತ್ತ ಮೇಲೆ ಮಾತಾಡಿದ ಅಣ್ಣ, ಒಂದು ವರ್ಷಕ್ಕೆ ಹೋದ ಎಂದು ಯಾವ ಲೆಕ್ಕದಲ್ಲಿ ನಂಬುವುದು? ಅವನು ನಿಂತಿರುವಾಗಲೇ ಹರಪನಹಳ್ಳಿಯವನನ್ನು ನಿಲ್ಲಿಸಿದರೆ ಅಣ್ಣ ಆ ಉಬ್ಬಸದವನಂತೆ ಸಿಕ್ಕಿಕೊಳ್ಳುತ್ತಾನೆ. ನಿಲ್ಲಿಸದಿದ್ದರೆ ಹನ್ನೊಂದು ಜನ ಬೀದಿಗೆ.

ನಾಲ್ಕು ದಿನ ಬಿಟ್ಟು ಚಾಚಾನ ಜೊತೆ ಬಂದರು. ಉಪಾಯ ಮಾಡಿದ್ದರು. ತಂಬ್ರಹಳ್ಳಿಯಲ್ಲಿ ಒಂದು ಮದುವೆ ಇದೆ. ಅದೇ ಟೆಂಪೊ, ಅದೇ ದಾರಿ. ಹಗರಿಬೊಮ್ಮನಹಳ್ಳಿಯಲ್ಲಿ ಅದೇ ಚಹಾದ ಅಂಗಡಿಯ ಮುಂದೆ ಅದೇ ಮಾತನ್ನು ಮತ್ತೆ ಕೇಳುತ್ತಾರೆ. ಅಣ್ಣ ಮಾತಾಡಿದರೆ ಜಾಗ ಅಣ್ಣನದು, ಬ್ಯಾಂಡು ಏನಾದರೂ ಆಗಲಿ. ಮಾತಾಡದಿದ್ದರೆ ಹರಪನಹಳ್ಳಿಯವನದು. ಹನ್ನೊಂದು ಜನರೂ ಒಪ್ಪಿದ್ದಾರೆ. ಆದರೆ ಒಂದು ತೊಡಕು: ಮಾಸ್ತರ ಕಿವಿಯನ್ನು ಅವರು ನಂಬುವುದಿಲ್ಲ, ಅವರ ಕಿವಿಯನ್ನು ಮಾಸ್ತರು ನಂಬುವುದಿಲ್ಲ.

‘ನೀವು ಬರಬೇಕ್ರಿ’ ಎಂದರು ಮಾಸ್ತರು. ‘ಆ ಉಸಿರು ನಿಮಗೂ ಕೇಳಿತು. ನೀವು ಇದ್ದದ್ದು ಇದ್ದಂಗ ಹೇಳಾವ್ರು. ನೀವು ಏನಂತೀರಿ ಅದ ಖರೆ.’

ಹೋಗುವಾಗ ಚಾಚಾ ಗೇಟಿನ ಹತ್ತಿರ ತಿರುಗಿ ನನ್ನನ್ನು ನೋಡಿದರು, ಅಷ್ಟೇ.

ಆ ಮದುವೆಗೆ ನನಗೂ ಕರೆಯಿತ್ತು, ಹುಡುಗಿಯ ತಾಯಿ ನನ್ನ ಸ್ಟೂಡೆಂಟ್. ಬೆಳಗಿನ ಮೆರವಣಿಗೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಚಾಚಾನನ್ನು ತಡೆದು, ಮುಂದೆ ಜಾಗ ಖಾಲಿ ಬಿಟ್ಟು ನಡೆಯುತ್ತೀರಲ್ಲ, ಯಾರಿಗೆ ಬಿಟ್ಟಿದ್ದೀರಿ ಎಂದು ದಬಾಯಿಸಿದರು. ‘ನಿಮಗ ಬಿಟ್ಟೀವ್ರಿ ಯಜಮಾನ್ರ, ಫೋಟೋದಾಗ ಛಂದ ಕಾಣ್ತೀರಿ, ಬಂದು ನಿಂದರ್ರಿ’ ಎಂದರು ಚಾಚಾ. ಹಿರಿಯರು ಮುಂದೆ ಒಂದು ಹೆಜ್ಜೆ ಇಟ್ಟರು. ಅಲ್ಲಿಗೆ ಬಂದು, ಯಾಕೋ ಬೇಡ ಎಂದು, ಟವೆಲ್ ಹೆಗಲಿಗೆ ಹಾಕಿಕೊಂಡು ಹಿಂದಕ್ಕೆ ಹೋದರು.

ಊಟವಾಗಿ ಟೆಂಪೊ ಹತ್ತಿದೆವು. ಮೇ ತಿಂಗಳ ಮಟಮಟ ಮಧ್ಯಾಹ್ನ. ಮಾಸ್ತರು ತಮ್ಮ ಬಲಕ್ಕೆ ಒಬ್ಬರ ಜಾಗ ಬಿಟ್ಟು ಕೂತರು. ಎದುರಿನ ಬೆಂಚಿನಲ್ಲಿ ನಾನು, ಪಕ್ಕದಲ್ಲಿ ಚಾಚಾ. ಹರಪನಹಳ್ಳಿಯವನು ಕೋಟಿಲ್ಲದೆ, ಬಿಳಿ ಶರ್ಟಿನಲ್ಲಿ, ಹಿಂದೆ ದೊಡ್ಡ ಡ್ರಮ್ಮಿನ ಪಕ್ಕ ಮುದುರಿಕೊಂಡಿದ್ದ. ಮಾಸ್ತರ ತೊಡೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಅಣ್ಣನ ಟ್ರಂಪೆಟ್. ದಾರಿಯುದ್ದಕ್ಕೂ ಟೆಂಪೊ ಕುಲುಕಿದಾಗಲೆಲ್ಲ ಎಲ್ಲರೂ ಒಬ್ಬರ ಮೇಲೊಬ್ಬರು ವಾಲಿದರು. ಮಾಸ್ತರ ಬಲಕ್ಕೆ, ಆ ಜಾಗದಾಚೆ ಕೂತವನು ಮಾತ್ರ ಆ ಕಡೆ ವಾಲಲಿಲ್ಲ, ಏನೋ ತಡೆದ ಹಾಗೆ ನೆಟ್ಟಗೆ ಕೂತೇ ಇದ್ದ.

ಹಗರಿಬೊಮ್ಮನಹಳ್ಳಿಯಲ್ಲಿ ಡ್ರೈವರ್ ಎಂಜಿನ್ ಆಫ್ ಮಾಡಿದ. ಯಾರೂ ಇಳಿಯಲಿಲ್ಲ. ಅಂಗಡಿಯ ಬಾಣಲೆಯಲ್ಲಿ ಎಣ್ಣೆ ಚುರುಗುಡುವುದು ಕೇಳುತ್ತಿತ್ತು. ಮಾಸ್ತರು ಬಲಕ್ಕೆ ತಿರುಗಿದರು. ದೊಡ್ಡ ಧ್ವನಿಯಲ್ಲ, ಮಲಗಿದವರನ್ನು ಕೇಳುವ ಧ್ವನಿ.

‘ಅಣ್ಣಾ, ಚಾ ಕುಡೀತಿಯೇನು?’

ಇದನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಎಣ್ಣೆಯ ಸದ್ದು ಇತ್ತು. ಆಮೇಲೆ ಬೆಂಚಿನ ಕಡೆಯಿಂದ, ಕೂತವನ ತಲೆ ಎಷ್ಟು ಎತ್ತರಕ್ಕಿರುತ್ತದೋ ಅಷ್ಟು ಎತ್ತರದಿಂದ, ನಿದ್ದೆ ಕೆಟ್ಟವನ ಸಣ್ಣ ಕಿರಿಕಿರಿಯಲ್ಲಿ, ‘ಒಲ್ಲೆ.’

ಭಯವಾಗಲಿಲ್ಲ. ಅಷ್ಟು ಸಾಧಾರಣವಾಗಿತ್ತು ಅದು. ಅಣ್ಣನ ಧ್ವನಿ ನನಗೆ ಚೆನ್ನಾಗಿ ಗೊತ್ತು.

ಮಾಸ್ತರು ನನ್ನ ಕಡೆ ತಿರುಗಿದರು. ‘ಕೇಳಿತೇನ್ರಿ?’

ಹನ್ನೊಂದು ಜೊತೆ ಕಣ್ಣು. ಡ್ರಮ್ಮಿನ ಪಕ್ಕದವನು ತಲೆ ಎತ್ತಲೇ ಇಲ್ಲ. ಅವನ ಉಗುರಿನಲ್ಲಿ ಪಂಚರ್ ಸಲ್ಯೂಷನ್ನಿನ ಕಪ್ಪು ಇತ್ತು. ಹಿಂದಿನ ಸಾಲಿನ ಐವರು ಉಸಿರು ಹಿಡಿದಿದ್ದರು. ಕೇಳಿತು ಎಂದರೆ ಅವರು ಇಲ್ಲೇ ಇಳಿದು ಬೇರೆ ಬಸ್ಸು ಹತ್ತುತ್ತಾರೆ. ಇಲ್ಲ ಎಂದರೆ, ಮಾತಾಡಿದ ಮನುಷ್ಯನ ಮೇಲೆ ನಾವು ಇನ್ನೊಬ್ಬನನ್ನು ಕೂರಿಸುತ್ತೇವೆ. ನನ್ನ ಎಪ್ಪತ್ತೈದು ವರ್ಷದಲ್ಲಿ ಒಂದು ಶಬ್ದ ಹೇಳುವುದು ಇಷ್ಟು ಕಷ್ಟವಾದದ್ದಿಲ್ಲ.

‘ಇಲ್ಲ’ ಎಂದೆ.

ಮಾಸ್ತರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಕಣ್ಣು ತಪ್ಪಿಸಲಿಲ್ಲ, ಅಷ್ಟಾದರೂ ಮಾಡಿದೆ. ಆಮೇಲೆ ಅವರು ಟ್ರಂಪೆಟಿನ ಬಟ್ಟೆ ಬಿಚ್ಚಿ, ಹರಪನಹಳ್ಳಿಯವನನ್ನು ಬಾ ಎಂದು ಕೈ ಮಾಡಿ ಕರೆದರು. ಅವನು ಬಗ್ಗಿಕೊಂಡು ಬಂದು ಮಾಸ್ತರ ಬಲಕ್ಕೆ ಕೂತ. ಟ್ರಂಪೆಟ್ ತೆಗೆದುಕೊಂಡು ಕಣ್ಣಿಗೊತ್ತಿ, ತುಟಿಗೆ ಹಿಡಿದು, ಕೆಳಗಿಳಿಸಿದ.

‘ಬೆಚ್ಚಗೈತ್ರಿ’ ಎಂದ.

‘ಬ್ಯಾಸಗ್ಯಾಗ ಹಿತ್ತಾಳಿ ತಣ್ಣಗಿರ್ತತೇನೋ ಮಬ್ಬ’ ಎಂದರು ಚಾಚಾ. ಎಲ್ಲರೂ ನಕ್ಕರು, ಬೇಕಾದದ್ದಕ್ಕಿಂತ ಜಾಸ್ತಿ ನಕ್ಕರು. ಮಿರ್ಚಿ ಬಂತು, ಚಹಾ ಬಂತು. ಹಿಂದಿನ ಸಾಲಿನವನೊಬ್ಬ ಮುಂದಿನ ವಾರದ ಹಡಗಲಿಯ ಮದುವೆಯ ಮಾತೆತ್ತಿದ. ಮಾಸ್ತರು ಅಂದು ಎರಡು ಮಿರ್ಚಿ ತಿಂದರು. ನಾನು ನೋಡಿದ ಹಾಗೆ ಅದೇ ಮೊದಲು.

ಕೊಟ್ಟೂರಿನಲ್ಲಿ ನಮ್ಮ ಮನೆಯ ಮುಂದೆ ಟೆಂಪೊ ನಿಂತಾಗ ಅವರೇ ಇಳಿದು, ನನ್ನ ಕೈ ಹಿಡಿದು ಇಳಿಸಿ, ಗೇಟಿನವರೆಗೆ ಬಂದರು. ಚಿಲಕ ತೆಗೆಯುತ್ತಿದ್ದೆ. ಟೆಂಪೊದ ಕಡೆ ಬೆನ್ನು ಮಾಡಿ ನಿಂತು, ನನಗಷ್ಟೇ ಕೇಳುವಂತೆ ಹೇಳಿದರು.

‘ಇಲ್ಲ ಅಂದಿದ್ದು ಛಲೋ ಆತ್ರಿ ಟೀಚರಮ್ಮ. ನನಗೂ ಕೇಳಿತ್ತು.’